ಖಾಕಿಯ ಹಿಂದಿನ ಮನೆ

ಪೊಲೀಸನೆಂದೊಡನೆ ಜನರ ಕಣ್ಣಿಗೆ ಕಟ್ಟುವುದು ಖಾಕಿಯ ಉಡುಪು, ಕೈಯ ಲಾಠಿ ಮತ್ತು ಗಡಸು ದನಿ. ಆ ಉಡುಪಿನೊಳಗೆ ಇರುವವನೂ ಒಂದು ಮನೆಯ ಮಗ, ಒಬ್ಬಳ ಗಂಡ, ಮಕ್ಕಳ ತಂದೆ ಎಂಬುದು ಬೇಗನೆ ನೆನಪಿಗೆ ಬರುವುದಿಲ್ಲ.

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಈ ಅಂಜಿಕೆಗೆ ಚರಿತ್ರೆಯ ಕಾರಣವೂ ಉಂಟು. ಈ ನಾಡು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗ ಕರನಿರಾಕರಣೆಯ ಚಳವಳಿ ಸಿದ್ದಾಪುರದಲ್ಲಿ ಬಲವಾಗಿ ನಡೆಯಿತು. ರೈತರ ಆಸ್ತಿಯನ್ನು ಸರಕಾರ ಜಪ್ತಿ ಮಾಡಿತು. 1932ರಲ್ಲಿ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸದ ಸತ್ಯಾಗ್ರಹ ಹೂಡಿದರು. ಆಗ ಪೊಲೀಸ್ ಎಂದರೆ ಪರರ ಆಳ್ವಿಕೆಯ ಕೈ. ಇಂದು ಅಂತಹ ರೈತಮನೆಗಳ ಮಕ್ಕಳೇ, ಹೆಣ್ಣುಮಕ್ಕಳೂ ಸಹ, ಆ ಉಡುಪನ್ನು ತೊಡುತ್ತಾರೆ.

ತೊಡುವುದು ಸುಲಭವಲ್ಲ. ಲಿಖಿತ ಪರೀಕ್ಷೆ, ಓಟ, ಜಿಗಿತ ಇವುಗಳನ್ನು ದಾಟಿದ ಮೇಲೆ ತಿಂಗಳುಗಟ್ಟಲೆ ತರಬೇತಿ. ಅಲ್ಲಿ ಕವಾಯತಿನೊಡನೆ ಕಾನೂನಿನ ಪಾಠವೂ ನಡೆಯುತ್ತದೆ. ಈ ಪಾಠಕ್ಕೆ ಮುಕ್ತಾಯವೆಂಬುದಿಲ್ಲ. 1860ರ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆಯು 2024ರ ಜುಲೈ 1ರಂದು ಜಾರಿಗೆ ಬಂದಾಗ, ಕೊಲೆಯ 302ನೆಯ ಕಲಮು 103 ಆಯಿತು. ಕಳವಿನ 379 ಹೋಗಿ 303 ಬಂತು. ತಲೆ ನರೆತ ಹವಾಲ್ದಾರನೂ ಶಾಲೆಯ ಹುಡುಗನಂತೆ ಪುಸ್ತಕ ಹಿಡಿಯಬೇಕಾಯಿತು.

ಆದರೆ ಯಾವ ತರಬೇತಿ ಶಾಲೆಯೂ ಪೂರ್ಣವಾಗಿ ಕಲಿಸಲಾರದ ಸಂಗತಿಗಳಿವೆ. 2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟಾದ ಸಂತೆಗೆ ಹಣ್ಣು ತರಕಾರಿ ಹೊತ್ತು ಹೊರಟ ಲಾರಿಯೊಂದು ಯಲ್ಲಾಪುರ ತಾಲೂಕಿನಲ್ಲಿ ಕಂದಕಕ್ಕೆ ಉರುಳಿ 10 ಮಂದಿ ವ್ಯಾಪಾರಿಗಳು ಮಡಿದರು. ಇಂತಹ ಹೊತ್ತಿನಲ್ಲಿ ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸುವುದು, ಶವಗಳ ಗುರುತು ಹಿಡಿಯುವುದು, ದೂರದ ಮನೆಗಳಿಗೆ ಸುದ್ದಿ ಮುಟ್ಟಿಸುವುದು ಪೊಲೀಸರ ಪಾಲಿಗೆ ಬರುತ್ತದೆ. ಕವಾಯತಿನಲ್ಲಿ ಗಟ್ಟಿಯಾದ ಮೈಗಿಂತ ಆಗ ಗಟ್ಟಿಯಾದ ಮನಸ್ಸು ಬೇಕು. ಆ ಮನಸ್ಸು ಮರಳಿ ನೆಮ್ಮದಿ ಕಾಣುವುದು ಮನೆಯಲ್ಲಿಯೇ.

ಆ ಮನೆಯೂ ಒಂದು ಬಗೆಯಲ್ಲಿ ಕೆಲಸಕ್ಕೆ ಸೇರಿದಂತೆಯೇ. ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ ಕೂಡುತ್ತದೆ. ಊರೆಲ್ಲ ನೆಂಟರಿಷ್ಟರನ್ನು ಕರೆದು ಸಂಭ್ರಮಿಸುವಾಗ ಪೊಲೀಸನು ಬೀದಿಯ ತಿರುವಿನಲ್ಲಿ ನಿಂತಿರುತ್ತಾನೆ. ಅವನ ಮಕ್ಕಳು ತಾಯಿಯ ಕೈ ಹಿಡಿದು ತೇರು ನೋಡುತ್ತಾರೆ. ಸಿಬ್ಬಂದಿಯು ಮಹಿಳೆಯಾದರೆ ಅಜ್ಜಿಯ ಕೈ ಹಿಡಿಯುತ್ತಾರೆ. ಬಡಿಸಿಟ್ಟ ಊಟ ತಣ್ಣಗಾಗುತ್ತದೆ. ವರ್ಗಾವಣೆ ಬಂದರೆ ಮಕ್ಕಳ ಶಾಲೆ ಬದಲಾಗುತ್ತದೆ. ಇದಕ್ಕಾಗಿ ಮನೆಯವರಿಗೆ ಪದಕವಿಲ್ಲ, ಬಡ್ತಿಯೂ ಇಲ್ಲ.

1977ರಲ್ಲಿ ನೇಮಕವಾದ, ಧರ್ಮವೀರರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗವು ತನ್ನ ಮೊದಲ ವರದಿಯಲ್ಲಿಯೇ ಪೇದೆಯ ವೇತನ, ವಸತಿ, ಕುಂದುಕೊರತೆಗಳನ್ನು ಎತ್ತಿಕೊಂಡಿತು. ಪೇದೆಯನ್ನು ಆಜ್ಞೆ ಪಾಲಿಸುವ ಯಂತ್ರವೆಂದು ಕಾಣದೆ, ವಿವೇಚನೆಯುಳ್ಳ ಮನುಷ್ಯನೆಂದು ಕಾಣಬೇಕೆಂಬುದು ಅದರ ಆಶಯವಾಗಿತ್ತು. ತನ್ನ ಕಷ್ಟಕ್ಕೆ ಕಿವಿಗೊಡುವವರಿಲ್ಲದವನು ಪರರ ಕಷ್ಟಕ್ಕೆ ಬಹುಕಾಲ ಕಿವಿಗೊಡಲಾರನು. ಆದುದರಿಂದ ಪೊಲೀಸನ ವಿಶ್ರಾಂತಿಯ ಪ್ರಶ್ನೆ ಅವನೊಬ್ಬನದಲ್ಲ. ದೂರು ಹೊತ್ತು ಠಾಣೆಗೆ ಬರುವ ಪ್ರತಿಯೊಬ್ಬರದೂ ಹೌದು.

ಇಷ್ಟಾದರೂ ವೃತ್ತಿಯಲ್ಲಿ ತೃಪ್ತಿಯಿಲ್ಲವೆಂದಲ್ಲ. ಜಾತ್ರೆಯ ಜಂಗುಳಿಯಲ್ಲಿ ತಪ್ಪಿಸಿಕೊಂಡ ಮಗುವನ್ನು ತಾಯಿಯ ಮಡಿಲಿಗೆ ಒಪ್ಪಿಸಿದಾಗ, ಕಳವಾದ ಅಡಕೆಯ ಚೀಲ ಬೆಳೆಗಾರನಿಗೆ ಮರಳಿದಾಗ, ಬೇಲಿಯ ಜಗಳ ಕೈಮಿಲಾಯಿಸುವ ಮೊದಲೇ ತಣಿದಾಗ ದೊರೆಯುವ ಸಂತೋಷವನ್ನು ಸಂಬಳದಿಂದ ಅಳೆಯಲಾಗದು. ಒಮ್ಮೆ ಖಾಕಿಯನ್ನು ಕಂಡು ಬಾಗಿಲು ಮುಚ್ಚುತ್ತಿದ್ದ ಹಳ್ಳಿಯ ಮುದುಕಿ ಇಂದು ಅದೇ ಖಾಕಿಯವನನ್ನು ಜಗಲಿಯ ಮೇಲೆ ಕುಳ್ಳಿರಿಸಿ, ಆಸರಿಗೆ ಬೇಕೇ ಎಂದು ಕೇಳಿದರೆ, ಅವನ ದುಡಿಮೆಗೆ ಅದಕ್ಕಿಂತ ಹಿರಿದಾದ ಬಡ್ತಿ ಬೇರೊಂದಿಲ್ಲ.