ಡಗ್ಗಾದ ಕೈಗೆ ಜೋಮು ಹಿಡಿದಾಗ...

ತುಂಬಾ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಹತ್ತಿರ ಹತ್ತಿರ ಒಂದು ವರ್ಷ! ನಡುವೆ ಒಂದಿಬ್ಬರು ಗೆಳೆಯರು "ಏನಪ್ಪಾ, ಮದುವೆ ಗಿದುವೆ ಆಯ್ತಾ?" ಅಂತ ಕೇಳಿದ್ರು. ಇಲ್ಲ ಮಾರಾಯ್ರೇ, ಅಂಥದ್ದೇನೂ ಆಗಿಲ್ಲ. ಆಗಿದ್ದು ಕೈಗೆ.

ಕಳೆದ ವರ್ಷ, ಅಂದರೆ 2024ರ ಶ್ರಾವಣ ಮುಗಿದ ಮೇಲೆ ಒಂದು ರಾತ್ರಿ ಮೂರು ಗಂಟೆಗೆ ಎಚ್ಚರ ಆಯ್ತು. ನೋಡಿದ್ರೆ ನನ್ನ ಎಡಗೈ ಇಲ್ಲ! ಇದೆ, ಆದ್ರೆ ನನ್ನದಲ್ಲ ಅನ್ನೋ ಹಾಗೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ಮರಗಟ್ಟಿದ್ದವು. ಕೈ ಮೈ ಕೆಳಗೆ ಸಿಕ್ಕಿರಬೇಕು ಅಂದುಕೊಂಡು ಜೋರಾಗಿ ಝಾಡಿಸಿದೆ. ನಾಲ್ಕೈದು ನಿಮಿಷಕ್ಕೆ ಇರುವೆ ಹರಿದ ಹಾಗೆ ಜುಮುಜುಮು ಅಂತ ಜೀವ ಬಂತು. ಮರುದಿನ ಅದೇ ಹೊತ್ತಿಗೆ ಮತ್ತೆ. ಅದರ ಮರುದಿನವೂ ಮತ್ತೆ. ನಮ್ಮ ಆಫೀಸಿನ ಯಾವ ಅಲಾರ್ಮೂ ಅಷ್ಟು ಕರೆಕ್ಟಾಗಿ ಬಡಿದದ್ದಿಲ್ಲ.

ಸ್ವಲ್ಪ ಹಿಂದಿನ ಕಥೆ ಹೇಳಿಬಿಡ್ತೀನಿ. ನಾನು ಹುಟ್ಟಿ ಬೆಳೆದದ್ದು ದೇವದುರ್ಗದಲ್ಲಿ. ನಮ್ಮ ಓಣಿಯ ಗುಡಿಯಲ್ಲಿ ಶನಿವಾರ ಶನಿವಾರ ಭಜನೆ. ಅಲ್ಲಿ ತಬಲಾ ನುಡಿಸೋರು ನಮ್ಮ ಕಾಕಾ. ಸ್ವಂತ ಕಾಕಾ ಅಲ್ಲ, ಇಡೀ ಓಣಿಗೆ ಕಾಕಾ. ಹಗಲು ಟೈಲರ್ ಅಂಗಡಿ, ರಾತ್ರಿ ತಬಲಾ. ಎಂಟನೇ ವಯಸ್ಸಿಗೆ ನನ್ನನ್ನ ಪಕ್ಕಕ್ಕೆ ಕೂರಿಸಿಕೊಂಡು 'ಧಾ ಗೆ ನಾ ತಿ, ನಾ ಕೆ ಧಿ ನಾ' ಅಂತ ಬಾಯಲ್ಲಿ ಹೇಳಿಸಿ ಆಮೇಲೆ ಕೈಗೆ ಕೊಟ್ಟವರು ಅವರೇ. ಆಮೇಲೆ ರಾಯಚೂರಿನಲ್ಲಿ ಬಿಇ, ಬೆಂಗಳೂರಲ್ಲಿ ಕೆಲಸ, 2020ರಲ್ಲಿ ಲಾಕ್‌ಡೌನ್ ಅಂತ ಊರಿಗೆ ವಾಪಸ್. ಈಗಲೂ ರಾಯಚೂರಿನ ಮನೆಯಿಂದಲೇ ಕೆಲಸ. ಶನಿವಾರ ಬಂತು ಅಂದ್ರೆ ಗಬ್ಬೂರು ಮೇಲಿನ ಬಸ್ಸು ಹಿಡಿದು ದೇವದುರ್ಗ, ಭಜನೆಗೆ ಮುಂಚೆ ಒಂದು ಪ್ಲೇಟು ಮಂಡಾಳ ಒಗ್ಗರಣಿ, ಎರಡು ಮಿರ್ಚಿ. ಬೆಂಗಳೂರಿನವರಿಗೆ ಈ ಸುಖ ಹೇಳಿದ್ರೆ ಅರ್ಥ ಆಗಲ್ಲ ಬಿಡಿ.

ನಮ್ಮ ಕಡೆ ಶ್ರಾವಣದಲ್ಲಿ ಸಪ್ತಾಹ ಅಂತ ಮಾಡ್ತಾರೆ. ಏಳು ದಿನ, ಹಗಲು ರಾತ್ರಿ, ಭಜನೆ ನಿಲ್ಲಬಾರದು. ಹಾಡೋರು ಬದಲಾಗ್ತಾರೆ, ತಾಳ ಹಿಡಿಯೋರು ಬದಲಾಗ್ತಾರೆ, ಆದ್ರೆ ನಾದ ಮಾತ್ರ ನಿಲ್ಲೋ ಹಾಗಿಲ್ಲ. ಲೆಕ್ಕ ಹಾಕಿ, 168 ತಾಸು. ಹಾಡೋದಕ್ಕೆ ಊರಿಗೆ ಊರೇ ಇದೆ, ತಬಲಾಕ್ಕೆ ಇದ್ದವರು ಮೂರೇ ಜನ. ತಲೆಗೆ 56 ತಾಸು! ಇದನ್ನ ಯಾರೂ ಹೀಗೆ ಕೂತು ಭಾಗಾಕಾರ ಮಾಡಿರಲಿಲ್ಲ. "ಆಗ್ತದ ಬಿಡಪಾ, ದೇವರ ಕೆಲಸ" ಅಂತ ನಡೀತಿತ್ತು.

ಆ ವರ್ಷ ಕಾಕಾ ರಾತ್ರಿ ಪಾಳಿ ಜಾಸ್ತಿ ನನಗೇ ಕೊಟ್ಟರು. "ನೀ ಕುಂದ್ರು ತಮ್ಮಾ, ನಿನ್ನ ಕೈ ಈಗ ಛಲೋ ಕುಂತೈತಿ" ಅಂದ್ರು. ಎಷ್ಟು ಹಿಗ್ಗಿದೆ ಗೊತ್ತಾ? ಗುರುಗಳು ತಮ್ಮ ಜಾಗ ನನಗೆ ಬಿಟ್ಟುಕೊಡ್ತಿದ್ದಾರೆ ಅಂತ! ಒಂದೊಂದು ರಾತ್ರಿ ಸತತ ನಾಲ್ಕು ತಾಸು ಎದ್ದಿದ್ದೇ ಇಲ್ಲ.

ನಾಲ್ಕನೇ ರಾತ್ರಿ ಒಂದು ತಪ್ಪು ಮಾಡಿದೆ. ಕಾಕಾ ನುಡಿಸ್ತಿದ್ದರು, ಡಗ್ಗಾದ ನಾದವೇ ಕೇಳಿಸ್ತಿರಲಿಲ್ಲ. ಬಲಗೈ ಚೊಕ್ಕ ಇತ್ತು, ಎಡಗೈ ಸುಮ್ಮನೆ ಚರ್ಮದ ಮೇಲೆ ಬಿದ್ದು ಏಳ್ತಿತ್ತು. ನಾನು ಎಲ್ಲರ ಮುಂದೆ, "ಕಾಕಾ, ಡಗ್ಗಾ ಕೇಳಸವಲ್ದು ನೋಡ್ರಿ" ಅಂದುಬಿಟ್ಟೆ. ಒಂದಿಬ್ಬರು ನಕ್ಕರು. ಕಾಕಾ ನಗಲೂ ಇಲ್ಲ, ಬೈಯಲೂ ಇಲ್ಲ. ಆವರ್ತನ ಮುಗಿಸಿ, ಸಮಕ್ಕೆ ಬಂದು, ತಬಲಾ ನನ್ನ ಕಡೆ ಸರಿಸಿ ಎದ್ದು ಹೋದರು. ಆ ಹೊತ್ತಿಗೆ ನನಗೆ ಏನೂ ಅನ್ನಿಸಲಿಲ್ಲ, ನಿಜ ಹೇಳ್ತೀನಿ.

ಸಪ್ತಾಹ ಮುಗಿದು ಹತ್ತು ದಿನಕ್ಕೆ ನನ್ನ ಕೈ ಕಥೆ ಶುರು. ಬೈಕಿನ ಹ್ಯಾಂಡಲ್ ಹಿಡಿದ್ರೆ ಜೋಮು, ಫೋನ್ ಹಿಡಿದ್ರೆ ಜೋಮು. ಗೂಗಲ್ ಮಾಡಿ ಮಾಡಿ ಅರ್ಧ ರಾತ್ರಿಗೆ ನನಗೆ ಏನೇನೋ ರೋಗ ಬಂದಿತ್ತು. ಕೊನೆಗೆ ರಾಯಚೂರಲ್ಲೇ ಒಬ್ಬ ಮೂಳೆ ಡಾಕ್ಟರ್ ಹತ್ತಿರ ಹೋದೆ. ಅವರು ಎರಡೂ ಅಂಗೈಗಳ ಹಿಂಭಾಗ ಒಂದಕ್ಕೊಂದು ತಾಗಿಸಿ, ಬೆರಳು ಕೆಳಗೆ ಬರೋ ಹಾಗೆ ಮಣಿಕಟ್ಟು ಮಡಚಿ ಒಂದು ನಿಮಿಷ ಹಿಡಿ ಅಂದ್ರು. ಇಪ್ಪತ್ತು ಸೆಕೆಂಡಿಗೆ ಮೂರು ಬೆರಳು ಜುಂ ಅಂದವು. "ಕಿರುಬೆರಳಿಗೆ ಜೋಮು ಇದೆಯಾ?" ಅಂದ್ರು. ಇಲ್ಲ ಅಂದೆ. "ಕಾರ್ಪಲ್ ಟನಲ್ ಸಿಂಡ್ರೋಮ್. ಏನು ಕೆಲಸ?" ಅಂದ್ರು. "ಸಾಫ್ಟ್‌ವೇರ್" ಅಂದೆ. ಕೀಬೋರ್ಡ್ ಅಂತ ಬೈತಾರೆ ಅಂದುಕೊಂಡಿದ್ದೆ. ಅವರು, "ಕೀಬೋರ್ಡ್ ಒಂದರ ಮೇಲೇ ಎಲ್ಲ ತಪ್ಪು ಹಾಕೋಕಾಗಲ್ಲ. ಬೇರೆ ಏನು ಮಾಡ್ತೀರಿ ಕೈಯಲ್ಲಿ?" ಅಂತ ಕೇಳಿದ್ರು. ತಬಲಾ ಅಂದೆ. "ನುಡಿಸಿ ತೋರಿಸಿ" ಅಂದ್ರು. ಅವರ ಟೇಬಲ್ ಮೇಲೇ ಕೇರವಾ ಹೊಡೆದು ತೋರಿಸಿದೆ. ಹೊರಗೆ ಕೂತ ಪೇಷಂಟುಗಳು ಬಾಗಿಲ ಸಂದಿಯಿಂದ ಇಣುಕಿದ್ರು!

ಆಮೇಲೆ ಅವರು ಹೇಳಿದ್ದು ನನಗೆ ಅರ್ಥ ಆದ ಹಾಗೆ ಹೇಳ್ತೀನಿ. ಮಣಿಕಟ್ಟಿನ ಒಳಬದಿಯಲ್ಲಿ ಒಂದು ಸಣ್ಣ ಸುರಂಗ ಇದೆ. ಕೆಳಗೆ ಸಣ್ಣ ಸಣ್ಣ ಮೂಳೆ, ಮೇಲೆ ಒಂದು ಗಟ್ಟಿ ಪಟ್ಟಿ. ಅದರೊಳಗೆ ಬೆರಳು ಮಡಿಸೋ ಒಂಬತ್ತು ಹುರಿಗಳು, ಅವುಗಳ ಜತೆ ಒಂದು ನರ, ಮೀಡಿಯನ್ ನರ ಅಂತ. ಹುರಿಗಳ ಸುತ್ತ ಊತ ಬಂದ್ರೆ ಸುರಂಗ ದೊಡ್ಡದಾಗಲ್ಲ, ನರ ಒತ್ತಿಕೊಳ್ಳುತ್ತೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಈ ನರದ ಪಾಲು. ಕಿರುಬೆರಳಿನದು ಮೊಣಕೈ ಹಿಂದಿನಿಂದ ಬರೋ ಬೇರೆ ನರ. ಅದಕ್ಕೇ ಅವರು ಕಿರುಬೆರಳು ಕೇಳಿದ್ದು. ನಿದ್ದೆಯಲ್ಲಿ ನಾವು ಮಣಿಕಟ್ಟು ಮಡಿಸಿ ಮಲಗ್ತೀವಿ, ಒತ್ತಡ ಜಾಸ್ತಿ ಆಗುತ್ತೆ, ಅದಕ್ಕೇ ರಾತ್ರಿ ಎಚ್ಚರ.

ಈಗ ಡಗ್ಗಾ ನೆನಪಿಸಿಕೊಳ್ಳಿ. ಅಂಗೈಯ ಬುಡವನ್ನ ಚರ್ಮದ ಮೇಲೆ ಊರಬೇಕು, ಬೆರಳು ಮಡಿಸಿ ಹೊಡೀಬೇಕು, ಹೊಡೆದ ಮೇಲೆ ಬುಡವನ್ನ ಒತ್ತಿ ಮುಂದಕ್ಕೆ ಜಾರಿಸಬೇಕು. ಆಗಲೇ ಆ 'ಘೂಂ' ಅಂತ ಏರೋ ಸ್ವರ ಬರೋದು. ಅಂದರೆ ಆ ಸುರಂಗದ ಬಾಯಿ ಮೇಲೇ ಭಾರ ಹಾಕಿ ಉಜ್ಜೋದು. ಅದೂ ತಾಸುಗಟ್ಟಲೆ! ಡಾಕ್ಟರ್ ಹೇಳೋವರೆಗೂ ನನಗಿದು ಹೊಳೆದಿರಲೇ ಇಲ್ಲ.

ಆ ಮೇಲೆ ಓದ್ತಾ ಹೋದೆ. ಅಮೆರಿಕಾದ ಆರ್ಕೆಸ್ಟ್ರಾಗಳ ಎರಡು ಸಾವಿರಕ್ಕೂ ಹೆಚ್ಚು ವಾದಕರನ್ನ ಕೇಳಿ 1988ರಲ್ಲಿ ಒಂದು ವರದಿ ಬಂದಿತ್ತು. ಅದರಲ್ಲಿ ಮುಕ್ಕಾಲು ಪಾಲು ಜನ ತಮ್ಮ ವಾದನಕ್ಕೇ ತೊಂದರೆ ಕೊಡೋವಷ್ಟು ಯಾವುದಾದರೂ ದೈಹಿಕ ಕಷ್ಟ ಇದೆ ಅಂದಿದ್ದರು. ಲಿಯಾನ್ ಫ್ಲೈಷರ್ ಅಂತ ಒಬ್ಬ ದೊಡ್ಡ ಪಿಯಾನೋ ವಾದಕ. 1960ರ ದಶಕದ ನಡುವಿನಲ್ಲಿ, ಇನ್ನೂ ನಲವತ್ತು ಆಗೋ ಮುಂಚೆ, ಅವನ ಬಲಗೈಯ ಎರಡು ಬೆರಳು ತಾವೇ ಮಡಚಿಕೊಳ್ಳೋಕೆ ಶುರುವಾದವು. ಅವನದು ನನ್ನ ಥರದ್ದಲ್ಲ, ಡಿಸ್ಟೋನಿಯಾ ಅಂತ, ಮಿದುಳು ಬೆರಳಿಗೆ ಕೊಡೋ ಆಜ್ಞೆಯೇ ಗಲಿಬಿಲಿ ಆಗೋದು. ಮೂವತ್ತು ವರ್ಷ ಎಡಗೈ ಒಂದರಲ್ಲೇ ನುಡಿಸಿದ, ಪಾಠ ಹೇಳಿದ, ಆರ್ಕೆಸ್ಟ್ರಾ ನಡೆಸಿದ. 1990ರ ದಶಕದಲ್ಲಿ ಬೊಟಾಕ್ಸ್ ಚುಚ್ಚುಮದ್ದಿನಿಂದ ಬೆರಳು ಸಡಿಲವಾಗಿ, 2004ರಲ್ಲಿ 'ಟೂ ಹ್ಯಾಂಡ್ಸ್' ಅಂತ ಆಲ್ಬಮ್ ತಂದ. ಹೆಸರು ನೋಡಿ, ಎರಡು ಕೈ! ಅಷ್ಟೇ ಅವನಿಗೆ ಬೇಕಿದ್ದದ್ದು.

ನಮ್ಮಲ್ಲಿ ಇದರ ಮಾತೇ ಇಲ್ಲ. ರಾಯಚೂರಿನಲ್ಲಿ ಹಮ್ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ, 2024ರ ಜೂನಿನಲ್ಲಿ ತೀರಿಕೊಂಡ ರಾಜೀವ ತಾರಾನಾಥರ ಸರೋದ್ ಕೇಳಿರ್ತೀರಿ. ಆ ವಾದ್ಯಕ್ಕೆ ಸಿತಾರಿನ ಹಾಗೆ ಮೆಟ್ಟಿಲಿಲ್ಲ. ನುಣುಪಾದ ಲೋಹದ ಪಟ್ಟಿಯ ಮೇಲೆ ಉಕ್ಕಿನ ತಂತಿಯನ್ನ ಎಡಗೈ ಉಗುರಿನ ತುದಿಯಿಂದ ಒತ್ತಿ ಜಾರಿಸಬೇಕು. ನಾವು ಕೇಳುಗರು 'ಆಹಾ, ಎಂಥ ಮೀಂಡ್!' ಅಂತೀವಿ. ಪ್ರತಿ ವಾದ್ಯವೂ ಮೈಯಿಂದ ಏನೋ ಒಂದು ತಗೊಳ್ಳುತ್ತೆ ಅನ್ನೋದು ನಮ್ಮ ತಲೆಗೇ ಬರಲ್ಲ. ಬಂದ್ರೂ ಬೆರಳಿಗೆ ಜಡ್ಡುಗಟ್ಟಿದ್ದನ್ನ ಸಾಧನೆ ಅಂತ ತೋರಿಸ್ತೀವಿ, ಜೋಮು ಹಿಡಿದದ್ದನ್ನ ಮುಚ್ಚಿಡ್ತೀವಿ.

ಭಾದ್ರಪದ ಶುದ್ಧ ನವಮಿಗೆ ಮಾನ್ವಿಯಲ್ಲಿ ಜಗನ್ನಾಥದಾಸರ ಆರಾಧನೆ. ಅಲ್ಲಿ ಸ್ನೇಹಿತನೊಬ್ಬ ಹಾರ್ಮೋನಿಯಂ ನುಡಿಸ್ತಾನೆ, ಅವನ ಜತೆ ತಬಲಾಕ್ಕೆ ಒಪ್ಪಿಕೊಂಡಿದ್ದೆ. ಡಾಕ್ಟರ್ ಆರು ವಾರ ತಬಲಾ ಮುಟ್ಟಬೇಡ ಅಂದಿದ್ದರು. ಬರಲ್ಲ ಅಂತ ಫೋನ್ ಮಾಡಿದ್ರೆ ಅವನು, "ನನಗೂ ಎಡಭುಜ ಎತ್ತಕ ಬರವಲ್ದಲೇ, ಭಾತಿ ಒತ್ತಿ ಒತ್ತಿ" ಅಂದ. ಐದು ವರ್ಷದ ಗೆಳೆತನದಲ್ಲಿ ಮೊದಲ ಸಲ ಹೇಳಿದ್ದು!

ಅದೇ ಶನಿವಾರ ಕಾಕಾನ ಅಂಗಡಿಗೆ ಹೋಗಿ ನನ್ನ ಕೈಯ ಪುರಾಣ ಬಿಚ್ಚಿದೆ. ಕಾಕಾ ಮಷಿನ್ ನಿಲ್ಲಿಸಿ ಸುಮ್ಮನೆ ಕೇಳಿದ್ರು. ಆಮೇಲೆ ತಮ್ಮ ಎಡಗೈ ನನ್ನ ಮುಂದೆ ಚಾಚಿದ್ರು. ಹೆಬ್ಬೆರಳಿನ ಬುಡದಲ್ಲಿ ನಮಗೆಲ್ಲ ಉಬ್ಬಿಕೊಂಡಿರುತ್ತಲ್ಲ, ಆ ಮಾಂಸಖಂಡ, ಅವರಿಗೆ ಅಲ್ಲಿ ಚಪ್ಪಟೆ. ತಗ್ಗು ಬಿದ್ದಿತ್ತು.

"ನನಗ ಹತ್ತು ವರ್ಷದಿಂದ ಐತಿ ತಮ್ಮಾ. ಗುಂಡಿ ಹಿಡಿಯಾಕ ಆಗವಲ್ದು. ಸೂಜಿಗೆ ದಾರ ನಿಮ್ಮ ಕಾಕಿ ಹಾಕಿ ಕೊಡ್ತಾಳ."

"ಮತ್ತ ಯಾಕ ಹೇಳಲಿಲ್ರೀ ಕಾಕಾ?"

"ಏನ್ ಹೇಳಲಿ? ಟೈಲರ್‌ಗೆ ಕೈ ಇಲ್ಲಂದ್ರ ಗಿರಾಕಿ ಬರ್ತಾರನು? ತಬಲಾದಂವಗ ಕೈ ಇಲ್ಲಂದ್ರ ಯಾರರ ಕರಿತಾರನು?"

ಆಗ ನಾಲ್ಕನೇ ರಾತ್ರಿ ನೆನಪಾಯ್ತು. ರಾತ್ರಿ ಪಾಳಿ ನನಗೆ ಯಾಕೆ ಬಂತು ಅನ್ನೋದೂ ಗೊತ್ತಾಯ್ತು. ಹತ್ತು ವರ್ಷ ಮುಚ್ಚಿಟ್ಟದ್ದನ್ನ ನಾನು ಮೈಕಿನ ಮುಂದೆ ಕೂಗಿ ಹೇಳಿದ್ದೆ. "ತಪ್ಪಾತ್ರಿ ಕಾಕಾ" ಅಂದೆ. "ಬಿಡಲೇ, ಡಗ್ಗಾ ಕೇಳಸ್ತಿರಲಿಲ್ಲ ಖರೆ" ಅಂದ್ರು.

ರಾಯಚೂರಿಗೆ ಕರಕೊಂಡು ಬರೋಕೆ ಮೂರು ವಾರ ಗೋಗರೆದೆ. ಡಾಕ್ಟರ್ ಮೊದಲು ಶುಗರ್ ಪರೀಕ್ಷೆ ಮಾಡಿಸಿದ್ರು. ಶುಗರ್ ಇದ್ದವರಿಗೆ, ಥೈರಾಯ್ಡ್ ತೊಂದರೆ ಇದ್ದವರಿಗೆ ಇದು ಹೆಚ್ಚಂತೆ. ಕಾಕಾಗೆ ಶುಗರ್ ಇತ್ತು, ಗೊತ್ತೇ ಇರಲಿಲ್ಲ! ನರದ ಕರೆಂಟ್ ಪರೀಕ್ಷೆಯೂ ಆಯ್ತು. ಡಾಕ್ಟರ್ ಮುಚ್ಚುಮರೆ ಮಾಡಲಿಲ್ಲ. ಸಣ್ಣ ಆಪರೇಷನ್ ಮಾಡಿ ಆ ಪಟ್ಟಿ ಕೊಯ್ದು ನರಕ್ಕೆ ಜಾಗ ಮಾಡಬಹುದು, ಜೋಮು, ನೋವು ಕಡಿಮೆ ಆಗಬಹುದು, ಆದ್ರೆ ಒಣಗಿದ ಮಾಂಸಖಂಡ ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ ಅಂದ್ರು. ಹತ್ತು ವರ್ಷ ಮೊದಲೇ ಬಂದಿದ್ರೆ... ಆ ವಾಕ್ಯ ಅವರೂ ಪೂರ್ತಿ ಮಾಡಲಿಲ್ಲ.

ವಾಪಸ್ ಬಸ್ಸಿನಲ್ಲಿ ಕಾಕಾ ಕಿಟಕಿ ಕಡೆ ನೋಡ್ತಾ ಗೋಪಾಲದಾಸರ ಕಥೆ ತೆಗೆದ್ರು. ನಮ್ಮ ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ಮಾನ್ವಿಯ ಜಗನ್ನಾಥದಾಸರು ಹೊಟ್ಟೆನೋವಿನಿಂದ ನರಳ್ತಿದ್ದಾಗ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಧಾರೆ ಎರೆದು ಕೊಟ್ಟರು ಅಂತ ನಮ್ಮ ಕಡೆ ಎಲ್ಲರೂ ಹೇಳೋ ಕಥೆ. ಅದನ್ನ ಹೇಳಿ ನನ್ನ ಕಡೆ ತಿರುಗಿ, "ನೀ ನನಗ ನಾಲ್ವತ್ತು ವರ್ಷ ಕೊಡಬ್ಯಾಡಪಾ. ನಾಲ್ವತ್ತು ದಿನ ಅಂಗಡಿ ನೋಡ್ಕೊಂಡ್ರ ಸಾಕು" ಅಂದ್ರು!

ದೀಪಾವಳಿ ಹೊಲಿಗೆ ಮುಗಿದ ಮೇಲೆ ಆಪರೇಷನ್ ಆಯ್ತು. ಅಂಗಡಿಯಲ್ಲಿ ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ, ಬಂದ ಬಟ್ಟೆಗೆ ಚೀಟಿ ಬರೆದೆ, ಕಾಕಾನ ತಮ್ಮನ ಮಗ ಹೊಲಿದ. ಮೀಟಿಂಗ್ ನಡುವೆ "ಪ್ಯಾಂಟ್ ಆಗೇದನ್ರೀ?" ಅನ್ನೋ ಧ್ವನಿ ಕೇಳಿ ನಮ್ಮ ಮ್ಯಾನೇಜರ್ ಕಂಗಾಲು. ನಾಲ್ಕನೇ ದಿನಕ್ಕೆ ಕಾಕಾ ಫೋನ್ ಮಾಡಿ, "ನಿನ್ನೆ ರಾತ್ರಿ ಏಳಲಾರದ ಮಲಗಿದ್ನೆಲೇ" ಅಂದ್ರು. ಹೆಬ್ಬೆರಳಿನ ಬಲ ಇವತ್ತಿಗೂ ಬಂದಿಲ್ಲ. ಸೂಜಿಗೆ ದಾರ ಈಗಲೂ ಕಾಕಿನೇ.

ನನ್ನದು ಶುರುವಾತು, ಹಾಗಾಗಿ ಉಳಿದೆ. ರಾತ್ರಿ ಮಣಿಕಟ್ಟು ನೆಟ್ಟಗೆ ಇಡೋ ಪಟ್ಟಿ ಕಟ್ಟಿ ಮಲಗಿದೆ. ಈಗ ಒಂದು ತಾಸಿಗಿಂತ ಜಾಸ್ತಿ ಸತತ ನುಡಿಸಲ್ಲ, ಡಗ್ಗಾ ಮೇಲೆ ಕೈ ಊರುತ್ತೀನೇ ಹೊರತು ಮೈ ಭಾರ ಹಾಕಲ್ಲ. ನಾನು ಡಾಕ್ಟರ್ ಅಲ್ಲ, ಔಷಧ ಹೇಳ್ತಿಲ್ಲ. ಒಂದೇ ಮಾತು, ರಾತ್ರಿ ಬೆರಳು ಜೋಮು ಹಿಡಿದು ಎಚ್ಚರ ಆಗ್ತಿದ್ರೆ, ಕೈಯಿಂದ ಸಾಮಾನು ಜಾರ್ತಿದ್ರೆ, 'ವಾತ' ಅಂತ ಎಣ್ಣೆ ತಿಕ್ಕಿಕೊಂಡು ವರ್ಷ ಕಳೀಬೇಡಿ.

ಈ ವರ್ಷದ ಸಪ್ತಾಹಕ್ಕೆ ಇನ್ನು ಒಂದು ತಿಂಗಳು. ನಾನು ಎಕ್ಸೆಲ್‌ನಲ್ಲಿ ಪಾಳಿ ಪಟ್ಟಿ ಮಾಡಿದ್ದೀನಿ. ಚಳಿಗಾಲದಿಂದ ಕಾಕಾ ಬಾಯಲ್ಲೇ ಬೋಲ್ ಹೇಳಿ ಮೂವರು ಹುಡುಗರನ್ನ ತಯಾರು ಮಾಡಿದ್ದಾರೆ, ಮಾನ್ವಿಯಿಂದ ಇಬ್ಬರು ಬರ್ತಾರೆ, ನಾನು, ನಮ್ಮ ಹಳೆಯ ಮೂರನೆಯವರು. ಏಳು ಜನ, ತಲೆಗೆ ಸುಮಾರು 24 ತಾಸು, ಒಂದೊಂದು ತಾಸಿಗೆ ಬದಲಿ. ಪಟ್ಟಿಯಲ್ಲಿ ತಮ್ಮ ಹೆಸರು ಇಲ್ಲದ್ದು ನೋಡಿ ಕಾಕಾ ಏನೂ ಅನ್ನಲಿಲ್ಲ. ಪೆನ್ನು ತಗೊಂಡು ಕೊನೆಯ ದಿನದ ಕೊನೆಯ ತಾಸಿನ ಮುಂದೆ ನನ್ನ ಹೆಸರು ಹೊಡೆದು ತಮ್ಮ ಹೆಸರು ಬರೆದ್ರು. "ಡಗ್ಗಾ ಕೇಳಸಲಿಲ್ಲಂದ್ರ ನೀ ಬಾಜೂಕ ಕುಂತು ಬಾರ್ಸು" ಅಂದ್ರು.

ಬಾರಿಸ್ತೀನಿ. ಈ ಸಲ ಸುಮ್ಮನೆ.

ನಿಮ್ಮ ಮನೆಯಲ್ಲಿ, ಊರಲ್ಲಿ ವೀಣೆ, ಪಿಟೀಲು, ಮೃದಂಗ, ಹಲಗಿ ಏನಾದರೂ ನುಡಿಸೋರು ಇದ್ದರೆ ಇವತ್ತು ಒಮ್ಮೆ ಅವರ ಕೈ ಬಗ್ಗೆ ಕೇಳ್ತೀರಾ? ಅವರು ಏನಂದ್ರು ಅಂತ ನನಗೂ ಹೇಳಿ. ಟೈಪ್ ಮಾಡಿ ಮಾಡಿ ಕೈ ನೋಯೋವಷ್ಟು ಬೇಡ, ಎರಡು ಸಾಲು ಸಾಕು :)