ಶಹೀದ್ ದ್ವೀಪದಲ್ಲಿ ಕಡೆಯ ದಿನ

ಪ್ರವಾಸದ ಮೊದಲನೆಯ ದಿನವನ್ನು ಕುರಿತು ಬರೆಯುವವರು ಬಹಳ ಮಂದಿ. ನಾನು ಕಡೆಯ ದಿನವನ್ನು ಕುರಿತು ಬರೆಯ ಹೊರಟಿರುವುದಕ್ಕೆ ಕಾರಣವುಂಟು. ಅದೇನೆಂಬುದು ಮುಂದೆ ವಾಚಕ ಮಹಾಶಯರಿಗೆ ತಾನಾಗಿಯೇ ತಿಳಿಯುವುದು.

ನಾನು ಉಪಾಧ್ಯಾಯವೃತ್ತಿಯಿಂದ ವಿಶ್ರಾಂತಿ ಹೊಂದಿದ ವರ್ಷ, ಎಂದರೆ 2023ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ, ನನ್ನ ಮಗನು ನಮ್ಮ ದಂಪತಿಗಳಿಬ್ಬರನ್ನೂ ತನ್ನ ಹೆಂಡತಿಮಕ್ಕಳೊಡನೆ ಅಂಡಮಾನಿಗೆ ಕರೆದುಕೊಂಡು ಹೋದನು. ಮೊಮ್ಮಗನಿಗೆ ಒಂಬತ್ತು ವರ್ಷ, ಮೊಮ್ಮಗಳಿಗೆ ಐದು. ಪೋರ್ಟ್ ಬ್ಲೇರಿನಲ್ಲಿ ಸೆಲ್ಯುಲರ್ ಜೈಲನ್ನು ನೋಡಿಕೊಂಡು (2024ರಲ್ಲಿ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರಾಯಿತು), ಅಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದಲ್ಲಿರುವ ಶಹೀದ್ ದ್ವೀಪಕ್ಕೆ ಹಡಗಿನಲ್ಲಿ ಬಂದು ಮೂರು ರಾತ್ರಿ ತಂಗಿದೆವು. ಎರಡು ಕಡೆಯೂ ನೀರುಳ್ಳದ್ದೇ ದ್ವೀಪವೆಂದು ವ್ಯಾಕರಣವು ಆ ಶಬ್ದವನ್ನು ಸಾಧಿಸುತ್ತದೆ. ಮೂವತ್ತು ವರ್ಷ ಹುಡುಗರಿಗೆ ಅದನ್ನು ಹೇಳಿಕೊಟ್ಟವನು ನಾನು. ಆದರೆ ಎರಡಲ್ಲ, ಯಾವ ಕಡೆಗೆ ತಿರುಗಿದರೂ ನೀರೇ ಕಾಣುವ ನೆಲದ ಮೇಲೆ ಕಾಲಿಟ್ಟುದು ಅದೇ ಮೊದಲು.

ಈ ದ್ವೀಪಕ್ಕೆ ಹಿಂದೆ ನೀಲ್ ಎಂದು ಹೆಸರಿದ್ದಿತು. ಅದು ನಮ್ಮ ನೀಲವರ್ಣದ ನೀಲವಲ್ಲ. 1857ರ ದಂಗೆಯನ್ನು ಅತಿಕ್ರೂರವಾಗಿ ಅಡಗಿಸಹೋಗಿ ಲಖನೌ ನಗರದಲ್ಲಿ ಮಡಿದ ಆಂಗ್ಲ ಸೇನಾನಿಯೊಬ್ಬನ ಹೆಸರು. 1943ನೆಯ ಇಸವಿಯ ಡಿಸೆಂಬರ್ 30ರಂದು ನೇತಾಜಿ ಸುಭಾಷಚಂದ್ರ ಬೋಸರು ಪೋರ್ಟ್ ಬ್ಲೇರಿನಲ್ಲಿ ಧ್ವಜವನ್ನೇರಿಸಿ, ಈ ದ್ವೀಪಸಮೂಹಗಳಿಗೆ ಶಹೀದ್, ಸ್ವರಾಜ್ ಎಂಬ ಹೆಸರುಗಳನ್ನು ಸೂಚಿಸಿದ್ದರು. ಅದಕ್ಕೆ ಎಪ್ಪತ್ತೈದು ವರ್ಷ ತುಂಬಿದ ದಿನ, 2018ರಲ್ಲಿ, ಶಹೀದ್ ಎಂಬುದು ಈ ಪುಟ್ಟ ದ್ವೀಪದ ಹೆಸರಾಯಿತು. ನಾವು ಅಲ್ಲಿಂದ ಹೊರಟ ದಿನವೂ ಡಿಸೆಂಬರ್ 30 ಆಗಿದ್ದುದು ಕಾಕತಾಳೀಯ.

ಊರುಗಳ ಹೆಸರುಗಳಾದರೋ ರಾಮಾಯಣದವು. ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಶತ್ರುಘ್ನನೊಬ್ಬನಿಗೆ ಮಾತ್ರ ಇಲ್ಲಿಯೂ ಪಾಲು ದೊರೆತಿಲ್ಲ! 1960ರ ದಶಕದಲ್ಲಿ, ಅಂದಿನ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಸಂಸಾರಗಳನ್ನು ಸರ್ಕಾರವು ಇಲ್ಲಿ ನೆಲೆಗೊಳಿಸಿತು. ಅವರು ಕಾಡು ಕಡಿದು ಗದ್ದೆ ಮಾಡಿ, ಬದನೆ, ಸೌತೆ, ಬಾಳೆ, ಅಡಕೆಗಳನ್ನು ಬೆಳೆದು, ಸುತ್ತಲಿನ ದ್ವೀಪಗಳಿಗೆ ತರಕಾರಿಯನ್ನು ಒದಗಿಸುವವರಾದರು. ಮನೆಮಠಗಳನ್ನು ಕಳೆದುಕೊಂಡು ಬಂದವರ ಅಂಗಳಗಳು ಎಷ್ಟು ಅಚ್ಚುಕಟ್ಟು! ನಮ್ಮ ಮನೆಯವರು ಅಲ್ಲಿಯ ತುಳಸೀಕಟ್ಟೆಗಳನ್ನು ಕಂಡು, ಇದು ಪರಸ್ಥಳವೆಂದೇ ತೋರುವುದಿಲ್ಲವೆಂದರು.

ಇನ್ನು ನನ್ನ ಕಥೆ. ಬಂದ ದಿನ ಸಾಯಂಕಾಲ, ಸಮುದ್ರವು ಇಳಿದಿದ್ದ ಹೊತ್ತಿನಲ್ಲಿ, ಭರತಪುರದ ತೀರದಲ್ಲಿ ನಾನೊಬ್ಬನೇ ತಿರುಗಾಡುತ್ತಿದ್ದೆನು. ಕಾಲಿಗೆ ಏನೋ ತಗುಲಿತು. ಬಗ್ಗಿ ನೋಡಲು, ಗೇಣುದ್ದದ ಬಿಳಿಯ ಹವಳದ ಕೊಂಬೆ. ಪುಟ್ಟ ಗಿಡವೊಂದು ಎಲೆಯುದುರಿಸಿ ಕಲ್ಲಾದಂತಿದ್ದಿತು. ಸಂಸ್ಕೃತದಲ್ಲಿ ಪ್ರವಾಲವೆಂದರೆ ಹವಳವೂ ಹೌದು, ಚಿಗುರೂ ಹೌದು. ವಿದ್ರುಮವೆಂಬ ಹೆಸರಿನೊಳಗಂತೂ ಮರವೇ ಇದೆ. ಈ ಅರ್ಥಗಳೆಲ್ಲ ಒಮ್ಮೆಗೇ ಅಂಗೈಮೇಲೆ ಮೂಡಿದಂತಾಗಿ, ದೇವರ ಮನೆಯಲ್ಲಿ ಶಂಖದ ಪಕ್ಕದಲ್ಲಿ ಇದು ಎಷ್ಟು ಒಪ್ಪೀತೆಂದುಕೊಂಡೆನು. ತೀರದಿಂದ ಹವಳವನ್ನು ಒಯ್ಯಕೂಡದೆಂಬ ಫಲಕವನ್ನು ನಾನು ಓದಿರಲಿಲ್ಲವೆಂದಲ್ಲ. ನಿಷೇಧವಿರುವುದು ಮುರಿಯುವುದಕ್ಕೆ, ಬಿದ್ದುದನ್ನು ಎತ್ತಿಕೊಳ್ಳುವುದಕ್ಕಲ್ಲವೆಂದು ತರ್ಕ ಹೂಡಿದೆನು. ವಿದ್ಯಾವಂತನಿಗೆ ಇಂತಹ ತರ್ಕಗಳು ಬೇಗ ಹೊಳೆಯುತ್ತವೆ. ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಚೀಲದ ತಳದಲ್ಲಿರಿಸಿದೆನು. ಯಾರೂ ನೋಡಲಿಲ್ಲವೆಂದೇ ನನ್ನ ನಂಬಿಕೆ.

ಕಡೆಯ ದಿನ ಬೆಳಗಿನ ಜಾವ ಎದ್ದು ಎಲ್ಲರೂ ಲಕ್ಷ್ಮಣಪುರದ ಕಡಲಿಗೆ ಹೋದೆವು. ಹುಣ್ಣಿಮೆ ಕಳೆದು ಮೂರು ದಿನವಾಗಿದ್ದುದರಿಂದ ಬೆಳಿಗ್ಗೆ ಆರು ಗಂಟೆಯ ಮೇಲೆ ಇಳಿತ. ಅಷ್ಟು ಹೊತ್ತಿಗಾಗಲೇ ಚೆನ್ನಾಗಿ ಬೆಳಕಾಗಿರುವುದನ್ನು ಕಂಡು ಮೊಮ್ಮಗನಿಗೆ ಆಶ್ಚರ್ಯ. ನಮ್ಮ ಗಡಿಯಾರಗಳು ನಡೆಯುವುದು 82½ ಡಿಗ್ರಿ ರೇಖಾಂಶದ ಕಾಲದಲ್ಲಿ, ಈ ದ್ವೀಪವಿರುವುದು ಸುಮಾರು 93ರಲ್ಲಿ, ಡಿಗ್ರಿಗೆ ನಾಲ್ಕು ನಿಮಿಷವಾದರೆ ಎಷ್ಟು ಎಂದು ಕೇಳಿದೆನು. ಬೆರಳೆಣಿಸಿ "ನಲವತ್ತೆರಡು" ಎಂದನು. ಪಾಠ ಹೇಳುವ ಚಾಳಿ ನನ್ನನ್ನು ಇನ್ನೂ ಬಿಟ್ಟಿಲ್ಲ.

ಅಲ್ಲಿ ಅಲೆಗಳು ಬಂಡೆಯನ್ನು ಕೊರೆದು ಒಂದು ಸಹಜ ಸೇತುವೆಯನ್ನು ಮಾಡಿವೆ. ಕಲ್ಕತ್ತೆಯ ನೆನಪಿಗಾಗಿ ಬಂಗಾಳಿಗಳು ಅದನ್ನು ಹಾವ್ಡಾ ಸೇತುವೆಯೆನ್ನುವರು. ಅದರ ಕೆಳಗೆ ಹೋಗಬೇಕಾದರೆ ನೀರು ಇಳಿದಿರಬೇಕು. ದಾರಿಯುದ್ದಕ್ಕೂ ಬಂಡೆಯ ಹಳ್ಳಗಳಲ್ಲಿ ಸಮುದ್ರದ ಒಂದೊಂದು ಬೊಗಸೆ ನಿಂತಿರುತ್ತದೆ. ಒಂದರಲ್ಲಿ ನೀಲಿಯ ಮರಿಮೀನುಗಳು, ಇನ್ನೊಂದರಲ್ಲಿ ಕರಿಯ ಸೌತೆಕಾಯಿಯಂತೆ ಬಿದ್ದುಕೊಂಡಿರುವ ಪ್ರಾಣಿ. ನಮಗೆ ದಾರಿ ತೋರಿಸಿದವನು ಆ ಊರಿನ ಬಂಗಾಳಿ ತರುಣ. ಹವಳವು ಗಿಡವಲ್ಲ, ಸಾಸುವೆಯಷ್ಟಷ್ಟಿರುವ ಪ್ರಾಣಿಗಳು ಸಮುದ್ರದ ನೀರಿನಿಂದ ಸುಣ್ಣವನ್ನು ತೆಗೆದು ಕಟ್ಟಿಕೊಂಡ ಮನೆ ಎಂದು ಅವನು ಹಿಂದಿಯಲ್ಲಿ ವಿವರಿಸಿದನು. ಅವುಗಳ ಒಡಲಲ್ಲಿ ಸೂಕ್ಷ್ಮವಾದ ಪಾಚಿಯಿರುತ್ತದೆ. ಬಣ್ಣವೂ ಆಹಾರವೂ ಬಹುಮಟ್ಟಿಗೆ ಅದರಿಂದಲೇ. ನೀರು ಅತಿಯಾಗಿ ಕಾದರೆ ಪಾಚಿಯು ಹೊರಬಿದ್ದು, ಹವಳವು ಬೆಳ್ಳಗಾಗಿ, ಬಿಸಿ ಬಹುಕಾಲ ನಿಂತರೆ ಸಾಯುತ್ತದೆ. 2010ರಲ್ಲಿ ಅಂಡಮಾನಿನ ಸಮುದ್ರದಲ್ಲಿ ಹಾಗೆ ಬಹಳ ಹವಳ ಬಿಳಿಚಿಹೋಯಿತಂತೆ.

"ಸತ್ತ ಹವಳದಿಂದ ಏನು ಉಪಯೋಗ?" ಎಂದು ನಾನೇ ಕೇಳಿದೆನು. ಏತಕ್ಕೆ ಕೇಳಿದೆನೆಂಬುದು ನನಗೆ ಗೊತ್ತು.

"ಹೊಸ ಹವಳ ಹತ್ತಿಕೊಳ್ಳುವುದು ಅದರ ಮೇಲೆಯೇ. ಸವೆದು ಪುಡಿಯಾದರೆ ಈ ಬಿಳಿಯ ಮರಳು. ಎಲ್ಲರೂ ಒಂದೊಂದು ಒಯ್ದರೆ ನಮ್ಮ ತೀರ ಯಾವುದರಿಂದ ಆಗಬೇಕು?" ಎಂದನು. ವನ್ಯಜೀವಿ ಸಂರಕ್ಷಣೆಯ ಶಾಸನದಲ್ಲಿ ಹುಲಿ ಯಾವ ಪಟ್ಟಿಯಲ್ಲಿದೆಯೋ ಈ ಕಲ್ಲುಹವಳವೂ ಅದೇ ಪಟ್ಟಿಯಲ್ಲಿದೆಯೆಂದೂ ಸೇರಿಸಿದನು. ಅಷ್ಟರಲ್ಲಿ ಒಂದು ಶಂಖದ ಚಿಪ್ಪು ತಾನಾಗಿ ನಡೆಯತೊಡಗಿತು. ಒಳಗೆ ಏಡಿ. ಬರಿದಾದ ಚಿಪ್ಪುಗಳೇ ಅದಕ್ಕೆ ವಸತಿ. ಬೆಳೆದಂತೆಲ್ಲ ದೊಡ್ಡದನ್ನು ಹುಡುಕಿಕೊಳ್ಳಬೇಕು. ಮೊಮ್ಮಗನು ಅದನ್ನೇ ನೋಡುತ್ತಿದ್ದು, ಜೇಬಿನಲ್ಲಿ ತುಂಬಿಕೊಂಡಿದ್ದ ಏಳೆಂಟು ಚಿಪ್ಪುಗಳನ್ನು ಒಂದೊಂದಾಗಿ ತೆಗೆದು ಮರಳಿನ ಮೇಲಿಟ್ಟನು. ತಂಗಿಯ ಕೈಯಿಂದಲೂ ಬಿಡಿಸಿದನು. ಅವಳು ಅತ್ತಾಗ, "ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು ಅಂತ ತಾತ ಹೇಳಿಲ್ಲವೇನೆ?" ಎಂದನು. ಅಸ್ತೇಯವನ್ನು ನಾನು ಅವನಿಗೆ ಹಾಗೆಯೇ ಅರ್ಥ ಹೇಳಿದ್ದೆನು.

ಸೇತುವೆಯ ಕೆಳಗೆ ಎಲ್ಲರೂ ನಿಂತು ಚಿತ್ರ ತೆಗೆಸಿಕೊಂಡೆವು. ಅದರಲ್ಲಿ ನನ್ನ ಮುಖವನ್ನು ಈಗಲೂ ನೋಡಲಾರೆನು.

ವಸತಿಗೆ ಹಿಂದಿರುಗಿದ ಮೇಲೆ, ಹಡಗು ಹೊರಡುವುದಕ್ಕೆ ಮೊದಲು ಒಬ್ಬನೇ ಹೋಗಿ ಅದನ್ನು ಎಲ್ಲಿಯಾದರೂ ಹಾಕಿಬರುವುದೆಂದು ನಿಶ್ಚಯಿಸಿ ಚೀಲಕ್ಕೆ ಕೈಹಾಕಿದೆನು. ಹಿಂದೆ ನಮ್ಮ ಮನೆಯವರು ನಿಂತಿದ್ದರು. ಅಂದು ಸಂಕಷ್ಟಹರ ಚತುರ್ಥಿ, ಅವರಿಗೆ ಉಪವಾಸ.

"ತಂದು ಇಟ್ಟ ದಿನವೇ ನೋಡಿದೆ. ಮೇಷ್ಟರು ತಾವಾಗಿಯೇ ಏನಾದರೂ ಹೇಳುತ್ತಾರೋ ಎಂದು ಕಾಯುತ್ತಿದ್ದೆ," ಎಂದರು.

"ಈಗ ಇಟ್ಟುಬರುತ್ತೇನೆ."

"ತೆಗೆದುಕೊಂಡದ್ದೂ ಯಾರಿಗೂ ಕಾಣದ ಹಾಗೆ, ಇಡುವುದೂ ಯಾರಿಗೂ ಕಾಣದ ಹಾಗೆಯೋ?"

ನಾನು ಮಾತನಾಡಲಿಲ್ಲ. ತರಗತಿಯಲ್ಲಿ ಎಷ್ಟು ಸಾವಿರ ಹುಡುಗರ ಮುಂದೆ ನಿಂತಿರುವೆನೋ! ಆದರೆ ಆ ಒಬ್ಬ ಹುಡುಗನನ್ನು ಕೂಗುವುದಕ್ಕೆ ನಾಲಗೆ ಏಳಲಿಲ್ಲ. ಕಡೆಗೆ ಕೂಗಿದೆನು. ಹಡಗುಕಟ್ಟೆಯ ಪಕ್ಕದಲ್ಲಿಯೇ ಭರತಪುರದ ತೀರ. ಮಗನು "ಅಪ್ಪ, ಇನ್ನು ಮುಕ್ಕಾಲು ಗಂಟೆಯೇ ಇರುವುದು" ಎಂದು ಚಡಪಡಿಸುತ್ತಿದ್ದರೂ ಹುಡುಗನನ್ನು ನೀರಿನಂಚಿಗೆ ಕರೆದುಕೊಂಡು ಹೋಗಿ, ಪಂಚೆಯನ್ನು ಬಿಚ್ಚಿ ತೋರಿಸಿ, ನಡೆದುದನ್ನು ಹೇಳಿದೆನು.

ಅವನು ಕೊಂಬೆಯನ್ನು ನೋಡಿದನು, ನನ್ನನ್ನು ನೋಡಿದನು.

"ತಾತ, ನೀವೇ ಹೇಳಿದ್ದಿರಲ್ಲ?"

"ಹೌದಪ್ಪ, ನಾನೇ ಹೇಳಿದ್ದೆ."

"ಎಲ್ಲಿಂದ ತೆಗೆದಿರಿ? ಸರಿಯಾಗಿ ಯಾವ ಜಾಗ?"

ಜಾಗ ನನಗೆ ನೆನಪಿರಲಿಲ್ಲ. ಆಗ ನೀರು ಇಳಿದಿತ್ತು, ಈಗ ಏರಿದೆಯೆಂದು ತಡವರಿಸಿದೆನು. ತೆಗೆದುದಕ್ಕಿಂತಲೂ ಜಾಗವನ್ನು ಮರೆತುದೇ ಅವನಿಗೆ ದೊಡ್ಡ ಅಪರಾಧವಾಗಿ ಕಂಡಿತು. ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊಣಕಾಲುದ್ದದ ನೀರಿನವರೆಗೆ ಹೋಗಿ, ಎರಡು ಕಲ್ಲುಗಳ ನಡುವೆ ಮೆಲ್ಲಗೆ ಇಟ್ಟುಬಂದನು. ನನ್ನ ಕೈ ಹಿಡಿಯದೆ ಮುಂದೆ ಮುಂದೆ ನಡೆದನು.

ಹಡಗಿನಲ್ಲಿ ಅವನು ತಾಯಿಯ ಪಕ್ಕದಲ್ಲಿ ಕುಳಿತನು. ಎಂದಿನಂತೆ ಪ್ರಶ್ನೆಗಳಿಲ್ಲ. ಸುಮಾರು ಎರಡು ಗಂಟೆಯ ಕಾಲ ನಾನು ಹಿಂದೆ ಸರಿಯುವ ದ್ವೀಪವನ್ನು, ಅದು ಮರೆಯಾದ ಮೇಲೆ ಬರಿಯ ನೀರನ್ನು, ನೋಡುತ್ತ ಕುಳಿತಿದ್ದೆನು. ಚೀಲದಲ್ಲಿ ಹವಳವಿದ್ದ ಎಡೆಯಲ್ಲಿ ನಮ್ಮ ಮನೆಯವರು ಆ ಊರಿನ ಬಾಳೆಯ ಹಣ್ಣುಗಳನ್ನು ತುಂಬಿದ್ದರು.

ಪೋರ್ಟ್ ಬ್ಲೇರಿನಲ್ಲಿ ನಾವು ಇಳಿದುಕೊಂಡ ಮನೆಯ ಮಾಳಿಗೆಯಿಂದ ಮೂಡಣ ಸಮುದ್ರ ಕಾಣುತ್ತಿದ್ದಿತು. ಎಂಟು ಗಂಟೆಯ ವೇಳೆಗೆ ಕೆಂಪಾದ ಚಂದ್ರನು ನೀರಿನಿಂದ ಎದ್ದನು. ನಮ್ಮ ಮನೆಯವರು ಅರ್ಘ್ಯವನ್ನು ಕೊಟ್ಟು, ಹಣ್ಣುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಕುಳಿತರು. ಹುಡುಗನು ಬಂದು ಅಜ್ಜಿಗೂ ನನಗೂ ನಡುವೆ ನಿಂತನು.

"ತಾತ, ಈಗ ಅಲ್ಲಿ ಉಬ್ಬರವೋ ಇಳಿತವೋ?"

ಬೆಳಿಗ್ಗೆ ಆರೂಕಾಲಕ್ಕೆ ಇಳಿತ. ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಕ್ಕೊಮ್ಮೆ ಅದು ಮರಳಿ ಬರುತ್ತದೆ ಎಂದು ಲೆಕ್ಕ ಹಾಕಿ, "ಏಳು ಗಂಟೆಗೆ ಮೊದಲೇ ಇಳಿದು ಮುಗಿದಿದೆ, ಈಗ ಏರುತ್ತಿದೆ," ಎಂದೆನು.

"ಹಾಗಾದರೆ ಇನ್ನು ಸ್ವಲ್ಪ ಹೊತ್ತಿಗೆ ಅದು ನೀರಿನೊಳಗೆ ಹೋಗುತ್ತದೆ," ಎಂದು, ತಟ್ಟೆಯಿಂದ ಒಂದು ಹಣ್ಣನ್ನು ತೆಗೆದು, ಅರ್ಧವನ್ನು ಮುರಿದು ನನ್ನ ಕೈಗೆ ಕೊಟ್ಟನು.