ನೀಲಿ ಗುಳಿಗೆ

ಹಳ್ಳಿಯ ಪಾಠಶಾಲೆಯ ಗಂಟೆಯೆಂದರೆ ಬಹುಮಟ್ಟಿಗೆ ಜಂತಿಗೆ ತೂಗುಹಾಕಿದ ಒಂದು ತುಂಡು ರೈಲುಕಂಬಿ. ದಿನಕ್ಕೆ ಎಷ್ಟು ಸಲ ಬಾರಿಸಿದರೂ ಅದರ ನಾದ ಎರಡೇ ಬಗೆಯದು. ಬೆಳಗಿನ ಗಂಟೆ ಮಕ್ಕಳನ್ನು ಮನೆಯಿಂದ ಎಳೆದು ತರುತ್ತದೆ. ಮಧ್ಯಾಹ್ನದ ಗಂಟೆಯನ್ನಾದರೋ ಮಕ್ಕಳೇ ಎಳೆದು ತರುತ್ತಾರೆ. ಅಡುಗೆಯ ಕೋಣೆಯಿಂದ ಸಾರಿನ ಒಗ್ಗರಣೆಯ ವಾಸನೆ ಹೊರಟಿತೆಂದರೆ ಐದನೆಯ ತರಗತಿಯ ಭಾಗಾಕಾರವೂ ಏಳನೆಯ ತರಗತಿಯ ಅಶೋಕ ಚಕ್ರವರ್ತಿಯೂ ಒಟ್ಟಿಗೇ ಕಳೆಗುಂದುವರು.

ಕೊಪ್ಪಳ ಸೀಮೆಯ ಅಂತಹದೊಂದು ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಈ ಎರಡು ಗಂಟೆಗಳ ನಡುವಣ ಅಂತರ ಎಷ್ಟು ದೀರ್ಘವೆಂಬುದು ತಿಳಿದದ್ದು ಒಂದು ಸೋಮವಾರ. ಅದು ಕ್ಷೀರಭಾಗ್ಯದ ಹಾಲು ಬಂದು ನಾಲ್ಕಾರು ವರ್ಷಗಳಾದ ಮೇಲಿನ ಮಾತು. ವಾರಕ್ಕೊಮ್ಮೆ ಮಕ್ಕಳಿಗೆ ಕಬ್ಬಿಣದ ಅಂಶದ ಗುಳಿಗೆ ಕೊಡಬೇಕೆಂಬುದು ಆರೋಗ್ಯ ಇಲಾಖೆಯ ಕಟ್ಟಳೆ: ಐದನೆಯ ತರಗತಿಯವರೆಗೆ ಗುಲಾಬಿ ಬಣ್ಣದ್ದು, ಆರರಿಂದ ಮೇಲಕ್ಕೆ ನೀಲಿಯದು. ಅವರದು ಶಿಸ್ತಿನ ಸ್ವಭಾವ. ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳೆಲ್ಲ ಒಟ್ಟಿಗೆ ಸಿಕ್ಕುತ್ತಾರೆ, ಲೆಕ್ಕವೂ ಸುಲಭ. ಆದಕಾರಣ ಅಲ್ಲಿಯೇ ಗುಳಿಗೆ ಹಂಚಿ, ನುಂಗಿಸಿ, ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು; ಬೆನ್ನಿಗೇ ಹಾಲು.

ಆ ಸೋಮವಾರ ಏಳನೆಯ ತರಗತಿಯ ಹುಡುಗಿಯೊಬ್ಬಳು ಸಾಲಿನಲ್ಲೇ ವಾಂತಿ ಮಾಡಿ ಕುಸಿದಳು. ಸಂಜೆಯ ಹೊತ್ತಿಗೆ ಸುದ್ದಿ ಊರಗಸೆಯನ್ನು ದಾಟಿತ್ತು. ಮರುದಿನ ಅವಳ ಅಜ್ಜಿ ಶಾಲೆಯ ಬಾಗಿಲಿಗೇ ಬಂದು ನಿಂತಳು. “ಹೆಣ್ಣು ಹುಡುಗೀಗೆ ಮಕ್ಕಳಾಗಬಾರದಂತ ಗುಳಿಗಿ ಕೊಡ್ತೀರೇನ್ರೀ ಅಕ್ಕೋರ? ನಮ್ಮ ಹುಡುಗೀನ್ನ ನಾವಿನ್ನ ಸಾಲಿಗೆ ಕಳಸೂದಿಲ್ಲ.” ಹೊಲದ ಕೆಲಸಕ್ಕೆ ಇನ್ನೊಂದು ಜೊತೆ ಕೈ ಬೇಕಾಗಿದ್ದ ಮನೆಗೆ ಇಷ್ಟು ನೆಪ ಸಾಲದೆ?

ಮುಂದಿನ ವಾರಗಳಲ್ಲಿ ಪುಸ್ತಕದ ಗುರುತುಗಳು ಎಂದಿನಂತೆ ತುಂಬಿಯೇ ಇದ್ದವು. ಆದರೆ ಒಂದು ಸಂಜೆ ಹಿತ್ತಲ ಹುಣಿಸೆಯ ಮರದಡಿಯಲ್ಲಿ ಅವರ ಕಾಲಿಗೆ ಏನೋ ಒತ್ತಿತು. ಬಗ್ಗಿ ನೋಡಿದರೆ ನೀಲಿ ಗುಳಿಗೆಗಳು. ಒಂದಲ್ಲ, ಎರಡಲ್ಲ, ಮಳೆಗೆ ಬಣ್ಣ ಬಿಟ್ಟು ಮಣ್ಣನ್ನೇ ನೀಲಿಯಾಗಿಸಿದ್ದವು. ಲೆಕ್ಕ ಸರಿಯಾಗಿತ್ತು, ನೆತ್ತರು ಮಾತ್ರ ಹುಣಿಸೆಯ ಮರಕ್ಕೆ ಹೆಚ್ಚುತ್ತಿತ್ತು!

ಇದಕ್ಕೆ ಪರಿಹಾರ ಹೊಳೆದದ್ದು ಅಧಿಕಾರಿಗಳಿಗಲ್ಲ, ಅಡುಗೆಯಾಕೆಗೆ. “ಆಕಿ ಮನ್ಯಾಗಿಂದ ಒಂದು ಕಪ್ಪು ಚಾ ಕುಡದ ಬರ್ತಾಳ್ರಿ. ಅವ್ವ ನಸುಕಿನ್ಯಾಗ ಕೂಲಿಗೆ ಹೋಗಿರ್ತಾಳ, ರೊಟ್ಟಿ ಬಡ್ಯಾವ್ರು ಯಾರು? ಖಾಲಿ ಹೊಟ್ಟಿಗೆ ಗುಳಿಗಿ ಕೊಟ್ರ ವಾಂತಿ ಆಗದ ಏನಾಗ್ತದ್ರಿ? ಉಂಡ ಮ್ಯಾಲ ಕೊಡ್ರಿ.”

ಆರೋಗ್ಯ ಕೇಂದ್ರದ ದಾದಿಯನ್ನು ಕೇಳಿದಾಗ ಆಕೆಯೂ ಅದನ್ನೇ ಹೇಳಿದಳು. ಕಬ್ಬಿಣದ ಗುಳಿಗೆ ಬರಿಹೊಟ್ಟೆಗೆ ಒಗ್ಗುವುದಿಲ್ಲ, ಉಂಡ ಮೇಲೆ ನುಂಗಬೇಕು. ಚಹಾ ಆ ಕಬ್ಬಿಣವನ್ನು ಮೈಗೆ ಹತ್ತಗೊಡದು. ಹಾಲಿನ ಸುಣ್ಣದಂಶವೂ ಒಂದಿಷ್ಟು ಅಡ್ಡಿಯೇ. ನಿಂಬೆಯ ಹುಳಿಯಾದರೆ ಸಹಾಯಕ. ಬರಿಗಾಲಿನಲ್ಲಿ ಬಯಲಿಗೆ ಹೋಗುವ ಮಕ್ಕಳ ಅಂಗಾಲಿನಿಂದ ಒಳಹೊಕ್ಕು ಕರುಳಿನಲ್ಲಿ ನೆತ್ತರು ಹೀರುವ ಕೊಕ್ಕೆಹುಳುವಿನ ಕಾಟವನ್ನು ತೀರಿಸದೆ ಗುಳಿಗೆಯನ್ನಷ್ಟೇ ಕೊಟ್ಟರೆ, ತೂತಾದ ಕೊಡಕ್ಕೆ ನೀರು ಹೊತ್ತಂತೆ.

ನೋಡಿ, ಎಲ್ಲವೂ ಶಾಲೆಯ ಅಂಗಳಕ್ಕೆ ಬಂದೇ ಇದ್ದವು. ಆದರೆ ಊಟ ಶಿಕ್ಷಣ ಇಲಾಖೆಯದು, ಗುಳಿಗೆ ಆರೋಗ್ಯ ಇಲಾಖೆಯದು, ನಲ್ಲಿಯ ನೀರು ಪಂಚಾಯತಿಯದು. ಹಸಿವೊಂದೇ ಮಗುವಿನ ಸ್ವಂತದ್ದು. ಇವುಗಳನ್ನು ಒಂದು ಎಲೆಗೆ ಬಡಿಸುವವರು ಯಾರೆಂಬುದು ಯಾವ ಸುತ್ತೋಲೆಯಲ್ಲಿಯೂ ಸ್ಪಷ್ಟವಾಗಿರುವುದಿಲ್ಲ.

ಆ ಊಟವಾದರೂ ಇಲ್ಲಿಯವರೆಗೆ ಬರಲು ಬಹುಕಾಲ ಹಿಡಿದಿತ್ತು. 1920ರಲ್ಲಿ ಮದರಾಸಿನ ನಗರಸಭೆ ತನ್ನ ಒಂದು ಶಾಲೆಯ ಮಕ್ಕಳಿಗೆ ತಲೆಗೆ ಒಂದಾಣೆ ಮೀರದಂತೆ ಉಪಾಹಾರ ಕೊಡಲು ಒಪ್ಪಿತು. 1956ರಲ್ಲಿ ಕಾಮರಾಜರು ಮದರಾಸು ರಾಜ್ಯದ ಶಾಲೆಗಳಿಗೆ ಮಧ್ಯಾಹ್ನದ ಊಟವನ್ನು ತಂದರು. 1995ರಲ್ಲಿ ಕೇಂದ್ರ ಸರಕಾರದ ಯೋಜನೆ ಹುಟ್ಟಿದರೂ ಬಹುಕಡೆ ಮಕ್ಕಳ ಪಾಲಿಗೆ ಬಂದದ್ದು ಚೀಲದಲ್ಲಿ ಮನೆಗೊಯ್ಯುವ ಕಾಳು ಮಾತ್ರ. ಆ ಕಾಳು ಮನೆಮಂದಿಗೆಲ್ಲ ಹಂಚಿಹೋಗುತ್ತಿತ್ತು. ಬೇಯಿಸಿದ ಬಿಸಿ ಅನ್ನವನ್ನೇ ಬಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರಿನಲ್ಲಿ ಆಜ್ಞಾಪಿಸಿತು. ಮರುವರ್ಷ ಕರ್ನಾಟಕ ತನ್ನ ಉತ್ತರದ ಏಳು ಜಿಲ್ಲೆಗಳಲ್ಲಿ ಅದನ್ನು ಆರಂಭಿಸಿ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಹನ್ನೆರಡನೆಯ ಶತಮಾನದ ಶರಣರ ಮಾತು ಅದು. ದಾಸೋಹದಲ್ಲಿ ಉಣ್ಣುವವನು ಭಿಕ್ಷುಕನಲ್ಲ, ಬಡಿಸುವವನೇ ದಾಸ. ಈಗಿನ ಅಳತೆಯಂತೆ ಐದನೆಯ ತರಗತಿಯವರೆಗಿನ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ದೊಡ್ಡ ಮಕ್ಕಳಿಗೆ ಇದರ ಒಂದೂವರೆ ಪಟ್ಟು. ತಕ್ಕಡಿಯಲ್ಲಿ ಇದು ಸ್ವಲ್ಪವಾಗಿ ಕಾಣಬಹುದು. ಬೆಳಗಿನಿಂದ ಚಹಾದ ಮೇಲಿರುವ ಹೊಟ್ಟೆಗೆ ಅಲ್ಲ.

ಮುಖ್ಯೋಪಾಧ್ಯಾಯಿನಿ ಗುಳಿಗೆಯ ಹೊತ್ತನ್ನು ಬದಲಿಸಿದರು. ಬೆಳಿಗ್ಗೆ ಹಾಲು, ಮಧ್ಯಾಹ್ನ ನಲ್ಲಿಯಲ್ಲಿ ಸಾಬೂನಿನಿಂದ ಕೈ ತೊಳೆದು ಊಟ, ಉಂಡ ಮೇಲೆ ಗುಳಿಗೆ. ಸೋಮವಾರದ ಸಾರಿಗೆ ನಿಂಬೆ ಹಿಂಡಲು ಅಡುಗೆಯಾಕೆ ತಾನಾಗಿಯೇ ಒಪ್ಪಿಕೊಂಡಳು. ಹುಳುವಿನ ಔಷಧದ ದಿನ ಇಡೀ ಊರಿಗೆ ಡಂಗುರ ಹೊಡೆಸಿದರು. ಅಷ್ಟಾದರೂ ಅಜ್ಜಿ ಒಲಿಯಲಿಲ್ಲ. ಕೊನೆಗೊಂದು ಮಧ್ಯಾಹ್ನ ಆಕೆಯನ್ನೇ ಶಾಲೆಗೆ ಕರೆಸಿ, ಮಕ್ಕಳ ಸಾಲಿನಲ್ಲಿ ಕೂರಿಸಿ ಬಡಿಸಿದರು. ಉಂಡಾದ ಮೇಲೆ ಮುಖ್ಯೋಪಾಧ್ಯಾಯಿನಿ ಎಲ್ಲರೆದುರಿಗೆ ತಾವೂ ಒಂದು ನೀಲಿ ಗುಳಿಗೆಯನ್ನು ನುಂಗಿ ನೀರು ಕುಡಿದರು. ಮುದುಕಿ ಬಹಳ ಹೊತ್ತು ಅವರ ಮುಖವನ್ನೇ ನೋಡುತ್ತಿದ್ದು, “ನಿಂಬಿಹಣ್ಣು ಕಡಿಮಿ ಆಗ್ಯಾದ” ಎಂದಳು. ಮರುದಿನ ಹುಡುಗಿ ಶಾಲೆಗೆ ಬಂದಳು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು.

2021ರ ಡಿಸೆಂಬರಿನಲ್ಲಿ ಆ ಭಾಗದ ಜಿಲ್ಲೆಗಳ ಶಾಲೆಗಳಿಗೆ ಮೊಟ್ಟೆ ಬಂತು. ಮೊಟ್ಟೆ ಒಲ್ಲದವರಿಗೆ ಬಾಳೆಯ ಹಣ್ಣು. ಪೇಟೆಗಳಲ್ಲಿ ಆ ಕುರಿತು ಬಲು ದೊಡ್ಡ ವಾದಗಳಾದವು. ಈ ಶಾಲೆಯಲ್ಲಿ ವಾದವಿರಲಿಲ್ಲ, ತಟ್ಟೆಗಳ ಸಪ್ಪಳವಿತ್ತು. ಮೊದಲ ದಿನವೇ ಆರನೆಯ ತರಗತಿಯ ಹುಡುಗನೊಬ್ಬ ತನ್ನ ಮೊಟ್ಟೆಯನ್ನು ಯಾರೂ ಕಾಣದಂತೆ ಅಂಗಿಯ ಜೇಬಿಗೆ ಸೇರಿಸಿದ. ಶಾಲೆಯಲ್ಲಿಯೇ ತಿನ್ನಬೇಕೆಂಬುದು ನಿಯಮ. ಗದರಿಸಲು ಹೊರಟ ಮುಖ್ಯೋಪಾಧ್ಯಾಯಿನಿಯ ಸೆರಗನ್ನು ಅಡುಗೆಯಾಕೆ ಮೆಲ್ಲನೆ ಹಿಡಿದಳು.

“ಅವರಕ್ಕಗರೀ.”

ಅಂದು ವಾಂತಿ ಮಾಡಿಕೊಂಡ ಹುಡುಗಿಯ ತಮ್ಮ ಅವನು. ಊರಿನ ಶಾಲೆ ಎಂಟಕ್ಕೆ ಮುಗಿಯುತ್ತದೆ; ಪ್ರೌಢಶಾಲೆ ದೂರ, ದಾರಿ ಒಂಟಿ. ಓದಿನೊಂದಿಗೆ ಅವಳ ಹಾಲು, ಊಟ, ಗುಳಿಗೆಗಳೆಲ್ಲವೂ ಒಂದೇ ದಿನ ನಿಂತಿದ್ದವು.

ಮುಖ್ಯೋಪಾಧ್ಯಾಯಿನಿ ಹುಡುಗನ ಪಕ್ಕದಲ್ಲಿ ಕುಳಿತು, “ನಿನ್ನ ಪಾಲು ನೀನು ತಿನ್ನಪ್ಪ, ನಿಮ್ಮಕ್ಕನ ಪಾಲು ನಾನು ನೋಡ್ತೀನಿ” ಎಂದರು. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ನೀಲಿ ಗುಳಿಗೆ ಅಂಗನವಾಡಿಯಲ್ಲಿ ಸಿಗಬೇಕು. ಆ ಮಧ್ಯಾಹ್ನವೇ ಅಲ್ಲಿಯ ಕಾರ್ಯಕರ್ತೆಗೆ ಚೀಟಿ ಬರೆದು, ಹುಡುಗಿಯ ಹೆಸರಿನ ಕೆಳಗೆ ‘ಉಂಡ ಮೇಲೆ’ ಎಂದು ಎರಡು ಗೆರೆ ಎಳೆದರು. ಪ್ರೌಢಶಾಲೆಗೆ ಮತ್ತೆ ಸೇರಿಸುವ ಮಾತನ್ನೆತ್ತಲು ಅಜ್ಜಿಯ ಮನೆಗೆ ಸಂಜೆ ಹೋಗುವುದೆಂದಾಯಿತು. ಅಡುಗೆಯಾಕೆಯೂ ಜೊತೆಗೆ ಬರುವೆನೆಂದಳು.

ಹುಡುಗ ಜೇಬಿನಿಂದ ಮೊಟ್ಟೆಯನ್ನು ತೆಗೆದು, ಒಮ್ಮೆ ಇಬ್ಬರ ಮುಖವನ್ನೂ ನೋಡಿ, ಸಿಪ್ಪೆ ಸುಲಿಯತೊಡಗಿದ.